ಗಡಿಯಾಚೆ ಉಳಿದ ಆಸ್ಪತ್ರೆ: ಜತ್ತ, ಧಾರವಾಡ ಮತ್ತು ಕನ್ನಡ ಬಲ್ಲ ದಾದಿ

ಕೆಲವು ಊರುಗಳ ಹೆಸರು ಜನರ ಬಾಯಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಉತ್ತರ ಕರ್ನಾಟಕದ ಹಳ್ಳಿಯ ಕಟ್ಟೆಯ ಮೇಲೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ಯಾರಾದರೂ ನಗೆಯಾಡಿದರೆ, ಅದು ವಿಶ್ವವಿದ್ಯಾಲಯದ ಮಾತಲ್ಲವೆಂದು ಕೇಳಿದವರಿಗೆಲ್ಲ ಗೊತ್ತು. ಮಲಬಾರಿನ ಕಡೆ ಅದೇ ಅರ್ಥಕ್ಕೆ ಕಲ್ಲಿಕೋಟೆಯ ಕುದಿರವಟ್ಟದ ಹೆಸರು ಬರುತ್ತದೆ. ಮರಾಠಿಗರು ಠಾಣೆಯನ್ನೋ ಯೇರವಡೆಯನ್ನೋ ಹೆಸರಿಸುತ್ತಾರೆ. ಈ ನಗೆಮಾತುಗಳ ಹಿಂದೆ ಒಂದು ಹಳೆಯ ಭೂಪಟವಿದೆ. ಯಾವ ಸೀಮೆಯ ಮನೋರೋಗಿಗಳನ್ನು ಯಾವ ಆಸ್ಪತ್ರೆಗೆ ಒಯ್ಯುತ್ತಿದ್ದರು ಎಂಬುದನ್ನು ಅದು ಹೇಳುತ್ತದೆ. 1956ರಲ್ಲಿ ಸರಕಾರ ಹೊಸ ಭೂಪಟ ಬರೆಯಿತು. ಮಾತಿನೊಳಗಿನ ಭೂಪಟ ಮಾತ್ರ ಹಾಗೆಯೇ ಉಳಿಯಿತು.

ಈ ಎರಡು ಭೂಪಟಗಳ ನಡುವೆ ಸಿಕ್ಕಿಕೊಂಡ ಒಂದು ಕನ್ನಡ ಸೀಮೆಯ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ. ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಕಾಸರಗೋಡಿನ ನಮಗೂ ಜತ್ತದವರಿಗೂ ಒಂದು ಹಳೆಯ ನಂಟಿದೆ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಅದೇ ವರದಿಯಲ್ಲಿ ಜತ್ತದ ಕನ್ನಡ ಹಳ್ಳಿಗಳನ್ನೂ ಸೇರಿಸಬೇಕೆಂಬ ಶಿಫಾರಸು ಇತ್ತು. ನಾವೂ ಸೇರಲಿಲ್ಲ, ಅವರೂ ಸೇರಲಿಲ್ಲ. ಒಂದೇ ಕಾಗದದಲ್ಲಿ ಹೆಸರು ಬಂದು, ಒಂದೇ ಕಪಾಟಿನಲ್ಲಿ ಉಳಿದವರು ನಾವು.

ಗಡಿನಾಡಿನ ಕನ್ನಡಿಗರ ಬೇಡಿಕೆಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಕನ್ನಡ ಶಾಲೆ, ಕನ್ನಡ ಶಿಕ್ಷಕ, ಕನ್ನಡ ಪಠ್ಯಪುಸ್ತಕ, ಕಚೇರಿಯಲ್ಲಿ ಕನ್ನಡ ಅರ್ಜಿ, ಬಸ್ಸಿನ ಮೇಲೆ ಕನ್ನಡ ಫಲಕ. ಈ ಪಟ್ಟಿಯಲ್ಲಿ ಆಸ್ಪತ್ರೆ ಇಲ್ಲ. ಅದರಲ್ಲೂ ಮಾತೇ ಮುಖ್ಯ ಔಷಧವಾಗಿರುವ ಮಾನಸಿಕ ಆಸ್ಪತ್ರೆ ಇಲ್ಲವೇ ಇಲ್ಲ. ಹೀಗೇಕಾಯಿತು ಎಂಬುದಕ್ಕೆ ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಫಳೆಯವರ ಸಂಸ್ಥಾನ

ಜತ್ತ ಡಫಳೆ ಮನೆತನದವರು ಆಳಿದ ಒಂದು ಸಣ್ಣ ಸಂಸ್ಥಾನ. ಮಳೆ ಕಡಿಮೆಯ ಬಯಲು ನಾಡು, ಬರಗಾಲ ಅಲ್ಲಿಗೆ ಹೊಸತಲ್ಲ. ಪಶ್ಚಿಮದಲ್ಲಿ ಮರಾಠಿ ಹೆಚ್ಚು, ವಿಜಾಪುರದ ಗಡಿಗೆ ತಾಗಿದ ಪೂರ್ವ ಭಾಗದಲ್ಲಿ ಕನ್ನಡ ಹೆಚ್ಚು. ಉಮದಿ, ಸಂಖ, ಮಾಡಗ್ಯಾಳ, ಬಾಲಗಾಂವಗಳ ಕಡೆ ಹೋದವರಿಗೆ ತಾವು ಇನ್ನೊಂದು ರಾಜ್ಯದಲ್ಲಿದ್ದೇವೆಂದು ಅನಿಸುವುದೇ ಇಲ್ಲ. ಗುಡ್ಡಾಪುರದ ದಾನಮ್ಮದೇವಿಗೆ ಕರ್ನಾಟಕದ ಜಿಲ್ಲೆಗಳಿಂದ ಭಕ್ತರು ನಡೆದೇ ಬರುತ್ತಾರೆ. ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರು ಉಮದಿಯವರು; ಅವರ ಶಿಷ್ಯ ಗುರುದೇವ ರಾನಡೆಯವರು ಜಮಖಂಡಿಯಲ್ಲಿ ಹುಟ್ಟಿ ನಿಂಬಾಳದಲ್ಲಿ ನೆಲೆಸಿದವರು. ಆ ಸೀಮೆಯಲ್ಲಿ ಭಕ್ತಿಗೆ ಎರಡು ಭಾಷೆ, ಗಡಿ ಇಲ್ಲ.

ಆಡಳಿತದ ಲೆಕ್ಕದಲ್ಲಿಯೂ ಜತ್ತದ ಮುಖ ವಿಜಾಪುರದ ಕಡೆಗಿತ್ತು. ಬಹುಕಾಲ ವಿಜಾಪುರದ ಕಲೆಕ್ಟರರೇ ಜತ್ತ ಸಂಸ್ಥಾನಕ್ಕೆ ಪೊಲಿಟಿಕಲ್ ಏಜೆಂಟರು. ಮೈಗೆ ರೋಗ ಬಂದವರಿಗೆ ಮೀರಜ ಇತ್ತು. ಅಮೆರಿಕದ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ತೆರೆದ ಆಸ್ಪತ್ರೆಯ ಕೀರ್ತಿ ಕನ್ನಡ ಜಿಲ್ಲೆಗಳಿಗೂ ಹಬ್ಬಿತ್ತು. ಇಂದಿಗೂ ಅಥಣಿ, ಜಮಖಂಡಿ, ವಿಜಾಪುರಗಳ ರೋಗಿಗಳು ಮೀರಜಿಗೆ ಹೋಗುತ್ತಾರೆ. ಮನಸ್ಸಿಗೆ ರೋಗ ಬಂದವರಿಗೆ ಇದ್ದದ್ದು ದೇವಸ್ಥಾನ, ದರ್ಗಾ, ಮನೆಯ ಹಿತ್ತಲಿನ ಕೋಣೆ. ಗಾಣಗಾಪುರದ ದತ್ತನ ಸನ್ನಿಧಿಗೆ ‘ಗಾಳಿ ಬಡಿದವರನ್ನು’ ಕರೆದೊಯ್ಯುವ ರೂಢಿ ಆ ಭಾಗದಲ್ಲಿ ಇಂದಿಗೂ ನಿಂತಿಲ್ಲ. ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅಲ್ಲಿ ರೋಗಿಯ ಭಾಷೆಯಲ್ಲಿ ಮಾತಾಡುವವರು ಇದ್ದರು, ರೋಗಿಯ ಜೊತೆ ಮನೆಯವರು ಉಳಿಯಬಹುದಾಗಿತ್ತು ಎಂಬುದನ್ನೂ ನೆನಪಿಡಬೇಕು. ಸರಕಾರದ ಆಸ್ಪತ್ರೆ ಈ ಎರಡನ್ನೂ ಬಹುಕಾಲ ಕೊಡಲಿಲ್ಲ.

ಧಾರವಾಡದ ಗೋಡೆ

ಧಾರವಾಡದಲ್ಲಿ 1845ರಲ್ಲಿ ಆಂಗ್ಲರ ಆಡಳಿತ ‘ಹುಚ್ಚರ ಆಸ್ಪತ್ರೆ’ಯನ್ನು ಸ್ಥಾಪಿಸಿತು. ಕರ್ನಾಟಕ ವಿದ್ಯಾವರ್ಧಕ ಸಂಘ ಅದೇ ಊರಿನಲ್ಲಿ ಹುಟ್ಟಿದ್ದು 1890ರಲ್ಲಿ. ಅಂದರೆ ಕನ್ನಡದ ಎಚ್ಚರಕ್ಕಿಂತ 45 ವರ್ಷ ಮೊದಲೇ ಮನೋರೋಗಿಗಳ ಗೋಡೆ ಅಲ್ಲಿ ಎದ್ದಿತ್ತು. ಮುಂಬಯಿ ಪ್ರಾಂತದಲ್ಲಿ ಕೊಲಾಬಾ, ಪುಣೆ, ಅಹಮದಾಬಾದ್, ರತ್ನಾಗಿರಿ, ಸಿಂಧಿನ ಹೈದರಾಬಾದ್‌ಗಳಲ್ಲಿಯೂ ಇಂಥ ಸಂಸ್ಥೆಗಳಿದ್ದವು. ಪ್ರಾಂತದ ದಕ್ಷಿಣದ ಕನ್ನಡ ಜಿಲ್ಲೆಗಳಿಗೆ ಧಾರವಾಡವೇ ಗತಿ.

1858ರ ಕಾಯಿದೆಯ ಪ್ರಕಾರ ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೋಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರ ಆಜ್ಞೆಯ ಮೇಲೆ ಆಸ್ಪತ್ರೆಗೆ ಸೇರಿಸಬೇಕು. ಹೀಗಾಗಿ ರೋಗಿಯ ಪೂರ್ವಕಥೆಯನ್ನು ಬರೆಯುತ್ತಿದ್ದವನು ವೈದ್ಯನಲ್ಲ, ದಾದಿಯಂತೂ ಅಲ್ಲ, ಪೋಲೀಸ್ ಸಿಬ್ಬಂದಿ. 1893ರಲ್ಲಿ ನೇಮಕವಾದ ಗಾಂಜಾ ಕುರಿತ ವಿಚಾರಣಾ ಆಯೋಗವು ಈ ಆಸ್ಪತ್ರೆಗಳ ದಾಖಲೆಗಳನ್ನು ತೆರೆದು ನೋಡಿದಾಗ ‘ರೋಗದ ಕಾರಣ’ ಎಂಬ ಕಲಮಿನ ಬೆಲೆ ತಿಳಿಯಿತು. ಗಾಂಜಾ ಎಂದು ಬರೆದುಬಿಟ್ಟರೆ ಕೆಲಸ ಮುಗಿಯುತ್ತಿತ್ತು. ವಿಚಾರಿಸಿ ಬರೆದದ್ದು ಕಡಿಮೆ. ರೋಗಿ ತನ್ನ ಮಾತಿನಲ್ಲಿ ಏನು ಹೇಳಿದ ಎಂಬುದಕ್ಕೆ ಆ ಕಾಗದದಲ್ಲಿ ಸ್ಥಳವೇ ಇರಲಿಲ್ಲ.

ಹಣದ ಲೆಕ್ಕ ಮಾತ್ರ ಬಹಳ ಅಚ್ಚುಕಟ್ಟು. ಪ್ರತಿವರ್ಷದ ವರದಿಯಲ್ಲಿ ತಲಾ ಊಟದ ಖರ್ಚು, ಬಟ್ಟೆಯ ಖರ್ಚು, ಸಿಬ್ಬಂದಿಯ ಖರ್ಚು, ರೋಗಿಗಳು ತೋಟದಲ್ಲಿ ದುಡಿದು ತಂದ ಆದಾಯ, ಎಲ್ಲಕ್ಕೂ ಕೋಷ್ಟಕಗಳು. ರೋಗಿಗೆ ಆಸ್ತಿಯಿದ್ದರೆ ಅಥವಾ ಪೋಷಿಸಬೇಕಾದ ಶಕ್ತ ಬಂಧುಗಳಿದ್ದರೆ ಅವರಿಂದ ವಸೂಲಿ, ಇಲ್ಲವಾದರೆ ಸರಕಾರದ ಬೊಕ್ಕಸ. 1912ರ ಹೊಸ ಕಾಯಿದೆಯೂ ಈ ಮೂಲ ತತ್ತ್ವವನ್ನೇ ಮುಂದುವರಿಸಿತು. ಆ ಕಾಯಿದೆ ಬ್ರಿಟಿಷ್ ಹಿಂದುಸ್ತಾನಕ್ಕೆ ಮಾತ್ರ. ಜತ್ತದಂಥ ಸಂಸ್ಥಾನಗಳು ಅದರ ಹೊರಗೆ. ಹತ್ತಿರದ ಆಸ್ಪತ್ರೆ ಬ್ರಿಟಿಷರದು, ರೋಗಿ ಡಫಳೆ ರಾಜರ ಪ್ರಜೆ. ‘ಇವನ ಖರ್ಚು ಯಾರದು?’ ಎಂಬ ಪ್ರಶ್ನೆ ಜತ್ತದವನಿಗೆ ಹುಟ್ಟಿನಿಂದಲೇ ಅಂಟಿಕೊಂಡದ್ದು.

ನೋಡಿಕೊಳ್ಳುವವರ ವಿಷಯಕ್ಕೆ ಬಂದರೆ, ಮೊದಲ ಕಾಲದಲ್ಲಿ ಅಲ್ಲಿದ್ದದ್ದು ಕಾವಲುಗಾರರು, ವಾರ್ಡರುಗಳು. ಹೆಸರೇ ಸೆರೆಮನೆಯದು. 1905ರ ತನಕ ಈ ಆಸ್ಪತ್ರೆಗಳ ಮೇಲ್ವಿಚಾರಣೆಯೂ ಸೆರೆಮನೆಗಳ ಇನ್‌ಸ್ಪೆಕ್ಟರ್ ಜನರಲರ ಕೈಯಲ್ಲಿತ್ತು. ಆಮೇಲೆ ಸಿವಿಲ್ ಸರ್ಜನರಿಗೆ ಬಂತು. 1920ರ ಆಸುಪಾಸಿನಲ್ಲಿ ‘ಹುಚ್ಚರ ಆಸ್ಪತ್ರೆ’ ಎಂಬ ಹೆಸರು ಹೋಗಿ ‘ಮಾನಸಿಕ ಆಸ್ಪತ್ರೆ’ ಎಂದಾಯಿತು. ಧಾರವಾಡದಲ್ಲಿ ಈ ಬದಲಾವಣೆ 1922ರಲ್ಲಿ. ಫಲಕ ಬದಲಾಯಿತು, ಕಾವಲುಗಾರ ಉಳಿದ.

ಈ ಸ್ಥಿತಿ ಎಷ್ಟು ವ್ಯಾಪಕವಾಗಿತ್ತೆಂಬುದನ್ನು 1946ರ ಭೋರ್ ಸಮಿತಿ ಲೆಕ್ಕ ಕೊಟ್ಟು ತೋರಿಸಿತು. ಮನೋರೋಗಿಗಳಿಗಾಗಿ ಇಡೀ ದೇಶದಲ್ಲಿ ಇದ್ದದ್ದು ಹತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಹಾಸಿಗೆ. ಬೇಕಾಗಿದ್ದದ್ದು ಎಂಟು ಲಕ್ಷ. ದೇಶದ ಒಟ್ಟು ದಾದಿಯರ ಸಂಖ್ಯೆ ಸುಮಾರು 7000, ಅಂದರೆ 43,000 ಜನರಿಗೆ ಒಬ್ಬಳು. ಅದೂ ಎಲ್ಲ ರೋಗಗಳಿಗೂ ಸೇರಿ. ಮನೋರೋಗದ ಶುಶ್ರೂಷೆಯಲ್ಲಿ ತರಬೇತಿ ಪಡೆದವರನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು.

ಎಂಟೂವರೆ ವರ್ಷ

1948ರ ಮಾರ್ಚ್ 8ರಂದು ದಖ್ಖನ್ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜತ್ತವೂ ಬಂತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಜಿಲ್ಲೆಯಾಯಿತು; ಅದೇ 1960ರಲ್ಲಿ ಸಾಂಗಲಿ ಎಂಬ ಹೆಸರು ಪಡೆಯಿತು. 1948ರಿಂದ 1956ರ ನವೆಂಬರ್ 1ರವರೆಗೆ, ಎಂಟೂವರೆ ವರ್ಷಗಳ ಕಾಲ, ಜತ್ತ ತಾಲೂಕು ಮತ್ತು ಧಾರವಾಡದ ಆಸ್ಪತ್ರೆ ಒಂದೇ ಸರಕಾರದ ಅಡಿಯಲ್ಲಿದ್ದವು. ಉಮದಿಯ ಕನ್ನಡಿಗನಿಗೆ ಕನ್ನಡ ನಾಡಿನ ಮಾನಸಿಕ ಆಸ್ಪತ್ರೆ ತನ್ನದೇ ಸರಕಾರದ ಆಸ್ಪತ್ರೆಯಾಗಿದ್ದ ಕಾಲ ಚರಿತ್ರೆಯಲ್ಲಿ ಅಷ್ಟೇ.

ನವೆಂಬರ್ 1 ನಮಗೆ ಹಬ್ಬದ ದಿನವೂ ಹೌದು, ನೋವಿನ ದಿನವೂ ಹೌದು. ಅಂದು ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರ ಮೈಸೂರು ರಾಜ್ಯಕ್ಕೆ ಬಂದವು. ಜತ್ತ ಮುಂಬಯಿ ರಾಜ್ಯದಲ್ಲಿ ಉಳಿಯಿತು. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಜಮೀನಿನ ದಾಖಲೆ, ಶಾಲೆ, ಪೋಲೀಸ್ ಠಾಣೆ, ಎಲ್ಲವನ್ನೂ ಹಂಚಿಕೊಂಡ ಹಾಗೆ ಆಸ್ಪತ್ರೆಗಳನ್ನೂ ಹಂಚಿಕೊಂಡರು. ಆಸ್ಪತ್ರೆ ಇರುವ ನೆಲ ಯಾವ ರಾಜ್ಯದ್ದೋ ಹಣ, ಹುದ್ದೆ, ಹಾಸಿಗೆಗಳೂ ಆ ರಾಜ್ಯದ್ದು. ರೋಗಿಯ ಮಾತು ಯಾವುದೆಂದು ಕೇಳುವ ಕಲಮು ಈ ಹಂಚಿಕೆಯಲ್ಲಿ ಇರಲಿಲ್ಲ. ಜತ್ತದವರಿಗೆ ಇನ್ನು ಸರಕಾರದ ಮಾನಸಿಕ ಆಸ್ಪತ್ರೆ ಎಂದರೆ ಯೇರವಡ, ಇಲ್ಲವೇ ಸಹ್ಯಾದ್ರಿ ದಾಟಿ ಕಡಲ ತಡಿಯಲ್ಲಿರುವ ರತ್ನಾಗಿರಿ. ಎರಡೂ ದೂರ, ಎರಡರಲ್ಲೂ ವ್ಯವಹಾರ ಮರಾಠಿಯಲ್ಲಿ.

1956ಕ್ಕೆ ಇನ್ನೊಂದು ಮಹತ್ವವೂ ಇದೆ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆ ಆರಂಭವಾಗಿದ್ದ ಹಳೆಯ ಆಸ್ಪತ್ರೆಯ ಬುನಾದಿಯ ಮೇಲೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಅಲ್ಲಿ ದಾದಿಯರಿಗಾಗಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ ಆರಂಭವಾದದ್ದು 1956ರಲ್ಲಿ. ಕಾವಲುಗಾರನ ಜಾಗಕ್ಕೆ ಕಲಿತ ದಾದಿ ಬರುವ ದಾರಿ ಕನ್ನಡ ನೆಲದಲ್ಲಿ ತೆರೆದ ವರ್ಷವೇ ಜತ್ತದ ಕನ್ನಡಿಗರೂ ಕಾಸರಗೋಡಿನ ಕನ್ನಡಿಗರೂ ಆ ನೆಲದ ಹೊರಗಾದರು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ದಾದಿಯ ಕೈಯಲ್ಲಿರುವ ಉಪಕರಣ

ಮೂಳೆ ಮುರಿದವನಿಗೆ ಪಟ್ಟಿ ಕಟ್ಟುವ ದಾದಿಗೆ ರೋಗಿಯ ಭಾಷೆ ಬಾರದಿದ್ದರೂ ಕೆಲಸ ನಡೆದೀತು. ಎಕ್ಸ್‌ರೇ ಚಿತ್ರಕ್ಕೆ ಭಾಷೆಯಿಲ್ಲ. ಮನೋರೋಗದಲ್ಲಿ ಎಕ್ಸ್‌ರೇಯ ಸ್ಥಾನದಲ್ಲಿರುವುದು ರೋಗಿಯ ಮಾತು. ವೈದ್ಯರು ವಾರ್ಡಿಗೆ ಬಂದು ಹೋಗುವುದು ದಿನಕ್ಕೆ ಕೆಲವು ನಿಮಿಷ. ಉಳಿದ ಹೊತ್ತೆಲ್ಲ ಜೊತೆಗಿರುವವಳು ದಾದಿ. ರೋಗಿ ರಾತ್ರಿ ಮಲಗಿದನೇ, ಉಂಡನೇ, ತನ್ನಷ್ಟಕ್ಕೆ ಏನು ಗೊಣಗಿದ, ಸಾಯುವ ಮಾತಾಡಿದನೇ, ಮಾತ್ರೆ ಸೇವಿಸಿದ ಮೇಲೆ ಕೈ ನಡುಗಿತೇ, ನಾಲಿಗೆ ಬಿಗಿಯಿತೇ, ಇವೆಲ್ಲ ಅವಳು ಕೇಳಿ, ನೋಡಿ ಬರೆಯಬೇಕಾದ ಸಂಗತಿಗಳು. ‘ಜೀವಕ್ಕ ಬ್ಯಾಸರ ಆಗೇದ’ ಎಂದು ಜತ್ತದ ಮುದುಕಿಯೊಬ್ಬಳು ಹೇಳಿದರೆ, ಅದು ಬರಿಯ ದಣಿವೋ ಸಾಯುವ ಆಲೋಚನೆಯೋ ಎಂದು ತಿಳಿಯಲು ಆ ಮಾತಿನೊಳಗೆ ಬೆಳೆದವರೇ ಬೇಕು. ನಮ್ಮ ಕಡೆಯ ‘ಮಂಡೆ ಬೆಚ್ಚ’ವನ್ನು ಇನ್ನೊಂದು ಭಾಷೆಗೆ ಹೇಗೆ ಹೇಳುತ್ತೀರಿ? ಜ್ವರದ ಗುಳಿಗೆ ಕೊಟ್ಟು ಕಳಿಸಿದರೂ ಆಶ್ಚರ್ಯವಿಲ್ಲ.

ಭಾಷೆ ಬಾರದ ಕಡೆ ದುಭಾಷಿ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ದುಭಾಷಿಯ ಹುದ್ದೆ ಇಲ್ಲ; ಆದ್ದರಿಂದ ಕರೆತಂದವರೇ ದುಭಾಷಿಗಳು. ಹೆಂಡತಿಯ ಮಾತನ್ನು ಗಂಡ, ಸೊಸೆಯ ಮಾತನ್ನು ಅತ್ತೆ, ಮುದುಕನ ಮಾತನ್ನು ಆಸ್ತಿಯ ಮೇಲೆ ಕಣ್ಣಿಟ್ಟ ತಮ್ಮನ ಮಗ ಮರಾಠಿಗೆ ಇಳಿಸುತ್ತಾರೆ. ಆಕೆಯ ಸಂಕಟಕ್ಕೆ ಕಾರಣ ಆ ಗಂಡನೇ ಆಗಿದ್ದರೆ? ಅವಳ ಮಾತು ವೈದ್ಯರಿಗೆ ಮುಟ್ಟುವ ದಾರಿಯಲ್ಲಿ ಅವನೇ ನಿಂತಿರುತ್ತಾನೆ. ಮಾತಿಗೆ ಮಾತು ಸರಿಯಾಗಿಯೇ ಹೇಳಿದರೂ ಗಂಡನ ಮುಂದೆ ಅವಳು ಬಾಯಿ ಬಿಡುವಳೆಂಬ ಭರವಸೆಯಿಲ್ಲ. ಒಂದು ಶಾಲೆಯಲ್ಲಿ ಕನ್ನಡ ಶಿಕ್ಷಕರಿಲ್ಲದಿದ್ದರೆ ಮಗು ಒಂದು ವರ್ಷ ಹಿಂದುಳಿದೀತು. ಇಲ್ಲಿ ದಾದಿಗೆ ಕನ್ನಡ ತಿಳಿಯದಿದ್ದರೆ ಹೆಂಗಸೊಬ್ಬಳು ವರ್ಷಗಟ್ಟಲೆ ತಪ್ಪು ಹೆಸರಿನ ರೋಗಕ್ಕೆ ಔಷಧ ನುಂಗಿಯಾಳು.

ಕನ್ನಡದಲ್ಲಿ ಈ ವಿಷಯಕ್ಕೆ ಮಾತಿನ ಬರ ಇಲ್ಲ ಎಂಬುದನ್ನೂ ಹೇಳಬೇಕು. ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಣ್ಣನ್ನು ಮನೆ ಹೇಗೆ ಕಾಣುತ್ತದೆ ಎಂಬುದನ್ನು ತ್ರಿವೇಣಿಯವರು ‘ಶರಪಂಜರ’ದಲ್ಲಿ ಬರೆದರು, 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರ ಅದನ್ನು ಮನೆಮನೆಗೆ ಮುಟ್ಟಿಸಿತು. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಭಾಷೆ ಸಿದ್ಧವಾಗಿದೆ. ಅದನ್ನು ಗಡಿಯಾಚೆಯ ವಾರ್ಡಿನ ಹಾಸಿಗೆಯವರೆಗೆ ಒಯ್ಯುವ ಕೈ ಇಲ್ಲ.

ಹಣ ಎಲ್ಲಿಗೆ ಹರಿಯಿತು

ಸಂವಿಧಾನದ ಏಳನೆಯ ಪರಿಶಿಷ್ಟದಲ್ಲಿ ಒಂದು ಗಮನಿಸಬೇಕಾದ ಸಂಗತಿಯಿದೆ. ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿವೆ. ಮನೋರೋಗ ಮತ್ತು ಮನೋರೋಗಿಗಳ ಚಿಕಿತ್ಸೆಯ ಸ್ಥಳಗಳು ಮಾತ್ರ ಸಮವರ್ತಿ ಪಟ್ಟಿಯಲ್ಲಿವೆ. ಅಂದರೆ ‘ಇದು ಆ ರಾಜ್ಯದ ವಿಷಯ, ನಮಗೆ ಸಂಬಂಧವಿಲ್ಲ’ ಎಂದು ಕೇಂದ್ರ ಕೈತೊಳೆದುಕೊಳ್ಳುವಂತಿಲ್ಲ.

ಕೇಂದ್ರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಘೋಷಿಸಿತು. ಅದಕ್ಕೊಂದು ನಡೆಯುವ ಮಾದರಿ ಸಿಕ್ಕಿದ್ದು ಬಳ್ಳಾರಿಯಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸಿನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲಿಯೇ ರೋಗ ಗುರುತಿಸಿ ಔಷಧ ಕೊಡುವ ವ್ಯವಸ್ಥೆ ಮಾಡಿದರು. ಬಳ್ಳಾರಿಯೂ ಗಡಿನಾಡೇ, 1953ರಲ್ಲಿ ಮದರಾಸು ರಾಜ್ಯದಿಂದ ಮೈಸೂರಿಗೆ ಬಂದ, ಕನ್ನಡ ತೆಲುಗು ಎರಡನ್ನೂ ಆಡುವ ನಾಡು. ಬಳ್ಳಾರಿ ಗಡಿಯ ಈಚೆ ಬಂದದ್ದರಿಂದ ಇಡೀ ದೇಶಕ್ಕೆ ಮಾದರಿಯಾಯಿತು. 1996ರಲ್ಲಿ ಅದೇ ಮಾದರಿಯ ಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಯಿತು. ಒಂಬತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆ ಇಟ್ಟ ಹಣ 28 ಕೋಟಿ ರೂಪಾಯಿ. ಇಡೀ ದೇಶಕ್ಕೆ, ಐದು ವರ್ಷಕ್ಕೆ.

ಆಸ್ಪತ್ರೆಗಳ ಒಳಗಿನ ಸ್ಥಿತಿ 1999ರಲ್ಲಿ ಬಯಲಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ನಿಮ್ಹಾನ್ಸ್ ದೇಶದ 37 ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿದಾಗ, ಮನೋರೋಗ ಶುಶ್ರೂಷೆಯಲ್ಲಿ ತರಬೇತಾದ ದಾದಿಯರಿದ್ದದ್ದು ಅವುಗಳ ಕಾಲು ಭಾಗಕ್ಕಿಂತಲೂ ಕಡಿಮೆ ಆಸ್ಪತ್ರೆಗಳಲ್ಲಿ. ಡಿಪ್ಲೊಮಾ ಆರಂಭವಾಗಿ ಆಗಲೇ 43 ವರ್ಷ ಕಳೆದಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಸತ್ತರು. ದರ್ಗಾದ ಆಸುಪಾಸಿನಲ್ಲಿ ಗುಣ ಹುಡುಕಿ ಬಂದವರು ಅವರು. ಸರಕಾರದ ಆಸ್ಪತ್ರೆ ದೂರವಾದಾಗ ಜನ ಎಲ್ಲಿಗೆ ಹೋಗುತ್ತಾರೆ ಎಂಬುದಕ್ಕೆ ಅದಕ್ಕಿಂತ ಘೋರ ಸಾಕ್ಷಿ ಬೇಕಿಲ್ಲ.

2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಆರಿಸಿಕೊಂಡ 12 ರಾಜ್ಯಗಳಲ್ಲಿ ಕೇರಳ ಇತ್ತು. ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಜತ್ತದವರು ಯಾವ ರಾಜ್ಯಕ್ಕೆ ಸೇರಿದ್ದರೂ ಆ ಎಣಿಕೆಗೆ ಸಿಗುತ್ತಿರಲಿಲ್ಲ. ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆ ಇತ್ತೆಂದು ಸಮೀಕ್ಷೆ ಹೇಳಿತು. ಬೇರೆ ಬೇರೆ ರೋಗಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಮಾನಸಿಕ ಆರೋಗ್ಯದ ಕೆಲಸದಲ್ಲಿರುವ ದಾದಿಯರು ಲಕ್ಷ ಜನಕ್ಕೆ ಒಬ್ಬರೂ ಬರುವುದಿಲ್ಲ, ಪ್ರಮಾಣ 0.80. ಜತ್ತ ತಾಲೂಕಿನ ಜನಸಂಖ್ಯೆ 2011ರಲ್ಲಿಯೇ ಮೂರು ಲಕ್ಷ ದಾಟಿತ್ತು. ದೇಶದ ಸರಾಸರಿಯನ್ನೇ ಕೊಟ್ಟರೂ ತಾಲೂಕಿನ ಪಾಲಿಗೆ ಬರುವವರು ಇಬ್ಬರು ಮೂವರು. ಅವರಲ್ಲಿ ಕನ್ನಡ ಬಲ್ಲವರೆಷ್ಟು ಎಂದು ಯಾವ ಇಲಾಖೆಯೂ ಕೇಳುವುದಿಲ್ಲ.

2023-24ರ ಕೇಂದ್ರ ಮುಂಗಡಪತ್ರದಲ್ಲಿ ನಿಮ್ಹಾನ್ಸಿಗೆ ಸುಮಾರು 721 ಕೋಟಿ, ದೂರವಾಣಿಯ ಮೂಲಕ ನಡೆಯುವ ಮಾನಸಿಕ ಆರೋಗ್ಯ ಸೇವೆಗೆ ಸುಮಾರು 134 ಕೋಟಿ ರೂಪಾಯಿ ಇಡಲಾಯಿತು. ದೊಡ್ಡ ಸಂಸ್ಥೆಗೆ ಹಣ ಬೇಕು, ಅದರಲ್ಲಿ ತಕರಾರಿಲ್ಲ. ಟೆಲಿ-ಮಾನಸ್ ಎಂಬ ಈ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಗಿ, 14416 ಎಂಬ ಸಂಖ್ಯೆಗೆ ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳುವ ಅನುಕೂಲ ಕೊಟ್ಟಿತು. ಭಾಷೆಯ ಪ್ರಶ್ನೆಯನ್ನು ಸರಕಾರ ತಾನಾಗಿ ಒಪ್ಪಿಕೊಂಡ ಅಪರೂಪದ ಸಂದರ್ಭ ಅದು. ಆದರೆ ದೂರವಾಣಿ ರೋಗಿಯ ಕೈ ಹಿಡಿದು ಮಾತ್ರೆ ನುಂಗಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ

ಸಂವಿಧಾನಕ್ಕೆ 1956ರಲ್ಲಿ ಸೇರಿಸಿದ 350ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಭರವಸೆ ಕೊಡುತ್ತದೆ. ನಮ್ಮ ಹೋರಾಟಗಳೆಲ್ಲ ಆ ವಿಧಿಯನ್ನು ಹಿಡಿದು ನಡೆದವು. ಆಸ್ಪತ್ರೆಗೆ ಅಂಥ ಆಧಾರವಿರಲಿಲ್ಲ. ಈಗ ಸ್ವಲ್ಪ ಇದೆ. 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಿಂದ ಜಾರಿಯಾದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ರೋಗಿಗೆ ತನ್ನ ಕಾಯಿಲೆ, ಚಿಕಿತ್ಸೆ ಮತ್ತು ಹಕ್ಕುಗಳ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ಕೊಟ್ಟಿದೆ. ಸರಪಳಿಯನ್ನು ಯಾವ ರೂಪದಲ್ಲೂ ಹಾಕಬಾರದೆಂದಿದೆ. ಪ್ರತಿ ಜಿಲ್ಲೆಯಲ್ಲೂ ಸರಕಾರದ ಸೇವೆ ಇರಬೇಕು, ಇಲ್ಲವಾದರೆ ಆ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚ ಸರಕಾರದ್ದು ಎಂದೂ ಇದೆ.

‘ಆ ಜಿಲ್ಲೆಯ’ ಎಂಬ ಮಾತನ್ನು ಗಡಿನಾಡಿನವರು ನಿಧಾನವಾಗಿ ಓದಬೇಕು. ಉಮದಿಗೆ ವಿಜಾಪುರ ಹತ್ತಿರ, ಸಾಂಗಲಿ ದೂರ. ಆದರೆ ಖರ್ಚಿನ ಹಕ್ಕು ಜಿಲ್ಲೆಯ ಗೆರೆಯಲ್ಲಿ ನಿಂತುಬಿಡುತ್ತದೆ. ಸಂಸ್ಥಾನದ ಕಾಲದ ‘ಇವನ ಖರ್ಚು ಯಾರದು?’ ಎಂಬ ಪ್ರಶ್ನೆ ಇನ್ನೂ ಸತ್ತಿಲ್ಲ.

ಇದೇ ಕಾಯಿದೆಯಲ್ಲಿ ‘ಮಾನಸಿಕ ಆರೋಗ್ಯದ ದಾದಿ’ ಎಂಬುದರ ವ್ಯಾಖ್ಯೆಯೂ ಇದೆ. ಸಾಮಾನ್ಯ ಶುಶ್ರೂಷೆಯ ಡಿಪ್ಲೊಮಾ ಅಥವಾ ಪದವಿ ಪಡೆದವರೂ ಅದರಲ್ಲಿ ಸೇರುತ್ತಾರೆ. ತರಬೇತಾದವರ ಕೊರತೆಯನ್ನು ವ್ಯಾಖ್ಯೆಯಿಂದ ತುಂಬಿದಂತಾಯಿತು. ಇದರಲ್ಲಿ ಒಂದು ಅನುಕೂಲವನ್ನೂ ಕಾಣಬಹುದು. ಕನ್ನಡ ಬಲ್ಲ ಸಾಮಾನ್ಯ ದಾದಿಗೆ ಮನೋರೋಗದ ತರಬೇತಿ ಕೊಡುವುದು, ಮನೋರೋಗ ಬಲ್ಲ ದಾದಿಗೆ ಕನ್ನಡ ಕಲಿಸುವುದಕ್ಕಿಂತ ಬೇಗ ಆಗುವ ಕೆಲಸ.

ನಮ್ಮ ಪಾಲಿನ ಮಾತು

ಕಾಸರಗೋಡಿಗೆ ಬರೋಣ. 1956ಕ್ಕೆ ಮುಂಚೆ ನಾವು ಮದರಾಸು ರಾಜ್ಯದವರು. ಸರಕಾರದ ಹತ್ತಿರದ ಮಾನಸಿಕ ಆಸ್ಪತ್ರೆ 1872ರಲ್ಲಿ ಸ್ಥಾಪನೆಯಾದ ಕಲ್ಲಿಕೋಟೆಯದು. ಅದು ನಮ್ಮೊಂದಿಗೇ ಕೇರಳಕ್ಕೆ ಬಂತು. ಆ ಮಟ್ಟಿಗೆ ಜತ್ತದವರಿಗಾದ ಕಡಿತ ನಮಗಾಗಲಿಲ್ಲ. ಆದರೆ ನಮ್ಮ ಕನ್ನಡ ಮನೆಗಳು ರೋಗ ಬಂದರೆ ನೋಡುವುದು ಮಂಗಳೂರಿನ ಕಡೆಗೆ. 2020ರ ಮಾರ್ಚ್ ಕೊನೆಗೆ ಕೊರೋನಾದ ಹೆಸರಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತದ್ದು, ಕೇರಳ ಉಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಿದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮಗೆ ಮರೆಯುವ ಸಂಗತಿಯಲ್ಲ. ಜತ್ತದ ಮನೋರೋಗಿಗೆ 1956ರಿಂದಲೂ ಸದ್ದಿಲ್ಲದೆ ಮುಚ್ಚಿಕೊಂಡಿರುವ ದಾರಿ ಎಂಥದೆಂದು ನಮಗೆ ಅರ್ಥವಾಗಬೇಕು.

ಇನ್ನೊಂದು ಸಂಗತಿ ಈ ದ್ವಿಭಾಷಾ ಸಂಚಿಕೆಯ ಮಲಯಾಳ ಓದುಗರಿಗೂ ಸಂಬಂಧಿಸಿದ್ದು. ಕನ್ನಡ ನಾಡಿನ ಆಸ್ಪತ್ರೆಗಳನ್ನು ನಡೆಸುತ್ತಿರುವ ಕೈಗಳಲ್ಲಿ ಮಲಯಾಳಿ ದಾದಿಯರ ಕೈಗಳು ಬಹಳ. ಮಂಗಳೂರು, ಬೆಂಗಳೂರುಗಳ ಶುಶ್ರೂಷಾ ಕಾಲೇಜುಗಳಲ್ಲಿ ಕೇರಳದ ಹೆಣ್ಣುಮಕ್ಕಳು ತುಂಬಿದ್ದಾರೆ. ಅವರು ಕನ್ನಡವನ್ನು ವಾರ್ಡಿನಲ್ಲಿ, ರೋಗಿಗಳ ಬಾಯಿಂದಲೇ ಕಲಿತರು. ಭಾಷೆ ಕಲಿಯಬಹುದೆಂಬುದಕ್ಕೆ ಅವರೇ ಸಾಕ್ಷಿ. ಹಾಗೆ ಕಲಿತವರಿಗೆ ಒಂದು ರೂಪಾಯಿಯ ಭತ್ಯೆಯನ್ನಾದರೂ ಕೊಟ್ಟು ಆ ಕಲಿಕೆಯನ್ನು ಅರ್ಹತೆಯೆಂದು ಎಣಿಸುವ ಸರಕಾರ ಬೇಕಷ್ಟೆ.

ಗಡಿ ದಾಟಿ ಆರೋಗ್ಯಕ್ಕೆ ಹಣ ಕೊಡಲು ಸಾಧ್ಯವೇ ಎಂದು ಕೇಳುವವರಿಗೆ ಇತ್ತೀಚಿನ ಉದಾಹರಣೆಯೇ ಇದೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಆರೋಗ್ಯ ವಿಮೆಯನ್ನು ಕರ್ನಾಟಕದೊಳಗಿನ 865 ಊರುಗಳ ಮರಾಠಿಗರಿಗೂ ವಿಸ್ತರಿಸಿ 54 ಕೋಟಿ ರೂಪಾಯಿ ತೆಗೆದಿಟ್ಟಿತು, ಕರ್ನಾಟಕ ಪ್ರತಿಭಟಿಸಿತು. ಅದರ ಹಿಂದಿನ ವರ್ಷವೇ ಕರ್ನಾಟಕದ ಮುಖ್ಯಮಂತ್ರಿ ಜತ್ತದ ಹಳ್ಳಿಗಳ ಮೇಲೆ ಹಕ್ಕಿನ ಮಾತಾಡಿದ್ದರು. ಇಬ್ಬರಿಗೂ ನೆಲದ ಮೇಲೆ ಕಣ್ಣು. ಇಬ್ಬರೂ ಕೂತು, ‘ನಿಮ್ಮವರು ನಮ್ಮಲ್ಲಿ, ನಮ್ಮವರು ನಿಮ್ಮಲ್ಲಿ ಚಿಕಿತ್ಸೆ ಪಡೆಯಲಿ, ಲೆಕ್ಕ ಆಮೇಲೆ ನೋಡೋಣ’ ಎಂದಿದ್ದರೆ ಮೀರಜಿಗೆ ಹೋಗುವ ಅಥಣಿಯವನಿಗೂ ವಿಜಾಪುರಕ್ಕೋ ಧಾರವಾಡಕ್ಕೋ ಹೋಗುವ ಜತ್ತದವನಿಗೂ ಉಪಕಾರವಾಗುತ್ತಿತ್ತು.

ಹಾಗಾದರೆ ನಾವು ಕೇಳಬೇಕಾದದ್ದೇನು? ಮೊದಲನೆಯದಾಗಿ, ಮಾನಸಿಕ ಆರೋಗ್ಯ ಸೇವೆಯ ದಾಖಲೆಯಲ್ಲಿ ರೋಗಿಯ ಮಾತೃಭಾಷೆಗೆ ಒಂದು ಕಲಮು. ಎಣಿಕೆಗೆ ಬಾರದವರಿಗೆ ಹುದ್ದೆ ಮಂಜೂರಾಗುವುದಿಲ್ಲ. ಎರಡನೆಯದಾಗಿ, ಕಾಸರಗೋಡಿನಲ್ಲಿ ಕನ್ನಡ ಮಲಯಾಳ ಎರಡೂ ಬಲ್ಲ ಗುಮಾಸ್ತರ ನೇಮಕಕ್ಕೆ ಪ್ರತ್ಯೇಕ ವರ್ಗವಿರುವಂತೆ, ಗಡಿ ತಾಲೂಕುಗಳಲ್ಲಿ ಎರಡು ಭಾಷೆ ಬಲ್ಲ ದಾದಿಯ ಹುದ್ದೆ. ಅರ್ಜಿ ಓದುವ ಗುಮಾಸ್ತನಿಗೆ ಕನ್ನಡ ಬೇಕೆಂದು ಒಪ್ಪಿದವರು, ಅಳುವನ್ನು ಕೇಳುವ ದಾದಿಗೆ ಬೇಡವೆನ್ನಲಾರರು. ಮೂರನೆಯದಾಗಿ, ಆಶಾ ಕಾರ್ಯಕರ್ತೆಯರ ತರಬೇತಿ. ನಿಯಮದಂತೆ ಆಶಾ ಅದೇ ಹಳ್ಳಿಯ ಹೆಂಗಸಾಗಿರಬೇಕು. ಆದ್ದರಿಂದ ಜತ್ತದ ಪೂರ್ವದ ಹಳ್ಳಿಗಳಲ್ಲಿ ಸರಕಾರದ ಆರೋಗ್ಯ ವ್ಯವಸ್ಥೆಗೂ ಕನ್ನಡ ಮನೆಗೂ ನಡುವೆ ಇರುವ ಕೊಂಡಿ ಅವಳೇ. ಆ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಕಡಿಮೆ ಹಣ ಪಡೆಯುವವಳೂ ಅವಳೇ.

ನಾಲ್ಕನೆಯದು ಸರಕಾರಕ್ಕೆ ಹೇಳುವ ಮಾತಲ್ಲ, ಮನೆಮಂದಿಗೆ ಹೇಳುವ ಮಾತು. ಕನ್ನಡ ಶಾಲೆಯಲ್ಲಿ ಓದಿದ ಮಗಳು ಮುಂದೇನು ಓದಬೇಕೆಂದು ಕೇಳಿದಾಗ ಶಿಕ್ಷಕಿಯಾಗು ಎನ್ನುತ್ತೇವೆ. ಕನ್ನಡ ಶಾಲೆಗಳೇ ಕಡಿಮೆಯಾಗುತ್ತಿರುವ ಕಾಲದಲ್ಲಿ ಆ ದಾರಿಯೂ ಕಿರಿದಾಗಿದೆ. ಕನ್ನಡವೂ ನೆರೆಯ ಭಾಷೆಯೂ ಬಲ್ಲ ಹುಡುಗಿ, ಹುಡುಗ, ಮನೋರೋಗ ಶುಶ್ರೂಷೆಯನ್ನು ಕಲಿತರೆ ಗಡಿನಾಡಿನ ಆಸ್ಪತ್ರೆಗೆ ಅವರಿಗಿಂತ ಯೋಗ್ಯರು ಸಿಗಲಾರರು. ಎರಡು ಭಾಷೆಗಳ ನಡುವೆ ಬದುಕುವುದನ್ನು ನಾವು ಇಷ್ಟು ವರ್ಷ ಕಷ್ಟವೆಂದೇ ಹೇಳಿಕೊಂಡು ಬಂದಿದ್ದೇವೆ. ಆ ಕಷ್ಟದಲ್ಲಿ ಕಲಿತ ಮಾತಿಗೆ ಬೆಲೆ ಇರುವ ಉದ್ಯೋಗ ಇದೊಂದಿದೆ.

ಧಾರವಾಡದ ಆ ಹಳೆಯ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆಯಾಗಿ ಬೆಳೆದಿದೆ. ಉಮದಿಯಿಂದ ಅದು ಮೊದಲಿದ್ದಷ್ಟೇ ದೂರದಲ್ಲಿದೆ. ರಾಜ್ಯದ ಗೆರೆ ಅಳಿಸುವುದು ನಮ್ಮ ಕೈಯಲ್ಲಿಲ್ಲ. ಗೆರೆಯ ಈಚೆಗೂ ಆಚೆಗೂ ಕನ್ನಡದಲ್ಲಿ ‘ನಿನ್ನೆ ರಾತ್ರಿ ನಿದ್ದೆ ಬಂತೇನಮ್ಮ?’ ಎಂದು ಕೇಳುವ ಒಬ್ಬ ದಾದಿಯನ್ನು ಕೇಳಿ ಪಡೆಯುವುದು ನಮ್ಮ ಕೈಯಲ್ಲಿದೆ.